ಸೂಪರ್ ಇಕೊಂಟಾ: ಮಡಿಚುವ ಕ್ಯಾಮೆರಾ ದೂರವನ್ನು ಅಳೆಯಲು ಕಲಿತ ಬಗೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೋಲ್ ಫಿಲಂ ಬಳಸುವ ಮಡಿಚುವ ಕ್ಯಾಮೆರಾ ಕೋಟಿನ ಜೇಬಿಗೆ ಹಿಡಿಸುವಷ್ಟು ಚಪ್ಪಟೆಯಾಗಿದ್ದರೂ, ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಛಾಯಾಗ್ರಾಹಕ ಕಣ್ಣಂದಾಜಿನಿಂದಲೇ ನಿರ್ಧರಿಸಿ ಲೆನ್ಸನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗಿತ್ತು. ಅಂದಾಜು ತಪ್ಪಿದರೆ ಚಿತ್ರ ಮಸುಕಾಗುತ್ತಿತ್ತು. ತುಸು ಅಂತರದಲ್ಲಿರುವ ಎರಡು ಕಿಂಡಿಗಳ ನೋಟಗಳನ್ನು ಒಂದರ ಮೇಲೊಂದಿರಿಸಿ ತೋರಿಸುವ, ಅವೆರಡೂ ಬೆರೆತು ಒಂದಾದಾಗ ದೂರವನ್ನು ತಿಳಿಸುವ ರೇಂಜ್‌ಫೈಂಡರ್ ಎಂಬ ಸಾಧನ ಇದಕ್ಕೆ ಪರಿಹಾರವಾಗಿತ್ತು. ಅದನ್ನು ಲೆನ್ಸಿಗೆ ಜೋಡಿಸಿದ ಮಡಿಚುವ ಕ್ಯಾಮೆರಾವನ್ನು ಅಮೆರಿಕದ ಕೊಡಕ್ ಕಂಪನಿ 1916ರಲ್ಲಿಯೇ ಹೊರತಂದಿತ್ತಾದರೂ, ಜೇಬಿನ ಗಾತ್ರದಲ್ಲಿ ಆ ಜೋಡಣೆಯನ್ನು ಪಕ್ವಗೊಳಿಸಿದ ಕೀರ್ತಿ ಜರ್ಮನರಿಗೇ ಸಲ್ಲಬೇಕು.

ತೊಡಕಿದ್ದುದು ಮಡಿಚುವ ರಚನೆಯಲ್ಲಿಯೇ. ರೇಂಜ್‌ಫೈಂಡರ್ ಇರುವುದು ಕ್ಯಾಮೆರಾದ ಒಡಲಿನಲ್ಲಿ, ಲೆನ್ಸ್ ಇರುವುದು ಹೊರಚಾಚುವ ಮುಂಭಾಗದಲ್ಲಿ. ಇವೆರಡರ ನಡುವೆ ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ಬೆಲ್ಲೋಸ್ ಇರುವುದರಿಂದ ಚಲನೆಯನ್ನು ನಿಖರವಾಗಿ ದಾಟಿಸುವುದು ಕಷ್ಟವಾಗಿತ್ತು. ಇಕಾ, ಎರ್ನೆಮನ್, ಗೋರ್ಟ್ಸ್ ಮತ್ತು ಕಾಂಟೆಸಾ-ನೆಟ್ಟೆಲ್ ಸಂಸ್ಥೆಗಳು 1926ರಲ್ಲಿ ವಿಲೀನಗೊಂಡು ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಜೈಸ್ ಇಕಾನ್, 1934ರಲ್ಲಿ ಆರಂಭಿಸಿದ ಸೂಪರ್ ಇಕೊಂಟಾ ಸರಣಿಯಲ್ಲಿ ಈ ಚಲನೆಯನ್ನು ದಾಟಿಸುವ ಅಗತ್ಯವನ್ನೇ ತೆಗೆದುಹಾಕಿತು. ಲೆನ್ಸಿನ ಪಕ್ಕದಲ್ಲಿ ಎದ್ದು ನಿಲ್ಲುವ ಸಣ್ಣ ತೋಳೊಂದರಲ್ಲಿ ಬೆಣೆಯಾಕಾರದ ಎರಡು ತೆಳು ಗಾಜುಗಳಿರುತ್ತವೆ. ಹಲ್ಲುಚಕ್ರವನ್ನು ಬೆರಳಿನಿಂದ ತಿರುಗಿಸಿದಾಗ ಲೆನ್ಸಿನ ಮುಂದಿನ ಗಾಜು ತಿರುಗಿ ಫೋಕಸ್ ಬದಲಾಗುತ್ತದೆ, ಜೊತೆಯಲ್ಲಿಯೇ ಆ ಬೆಣೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಿ ಬೆಳಕನ್ನು ಬೇಕಾದಷ್ಟೇ ಬಾಗಿಸುತ್ತವೆ. ತೋಳಿಗೂ ಒಡಲಿಗೂ ನಡುವೆ ಸನ್ನೆಕೋಲಿಲ್ಲ, ಸರಳಿಲ್ಲ. ಬರಿಯ ಬೆಳಕಿನ ಕಿರಣವೊಂದೇ ಅಲ್ಲಿನ ಕೊಂಡಿ. ಆ ಕಾಲದ ಯಂತ್ರಶಿಲ್ಪದಲ್ಲಿ ಇಷ್ಟು ಸರಳವೂ ಸುಂದರವೂ ಆದ ಪರಿಹಾರಗಳು ವಿರಳ.

ಈ ಸರಣಿಯ ಸಂಖ್ಯೆಗಳು ಗೊಂದಲಕರವೆನಿಸಿದರೂ ಅವುಗಳಿಗೊಂದು ಕ್ರಮವಿದೆ. ಓರೆಗೆರೆಯ ನಂತರದ ಅಂಕಿ ಚಿತ್ರದ ಅಳತೆಯನ್ನು ಸೂಚಿಸುತ್ತದೆ: 530 ಎಂಬುದು 4.5×6 ಸೆಂ.ಮೀ., 530/16 ಎಂಬುದು 6×6, 530/2 ಎಂಬುದು 6×9, 530/15 ಎಂಬುದು 6.5×11. ಬಳಕೆಯಲ್ಲಿ ಇವು ಕ್ರಮವಾಗಿ ಎ, ಬಿ, ಸಿ, ಡಿ ಎಂದಾದವು. ಓರೆಗೆರೆಗೆ ಮೊದಲಿನ ಮೂರಂಕಿ ಬದಲಾದಾಗ ರಚನೆ ಸುಧಾರಿಸಿದೆ ಎಂದರ್ಥ; 530/16ರಲ್ಲಿ ದೃಶ್ಯವನ್ನು ನೋಡುವ ಕಿಂಡಿ ಮತ್ತು ದೂರ ಅಳೆಯುವ ಕಿಂಡಿ ಬೇರೆ ಬೇರೆಯಾಗಿದ್ದರೆ, 532/16ರಲ್ಲಿ ಅವೆರಡೂ ಒಂದಾದವು. 1937ರ 533/16 ಬೆಳಕಿನ ಮೀಟರನ್ನೂ ಹೊತ್ತು ಬಂದಿತು. ಫಿಲಮನ್ನು ತಾನೇ ಎಣಿಸಿ ನಿಲ್ಲಿಸುವ ವ್ಯವಸ್ಥೆ ಚಿತ್ರಗಳ ನಡುವೆ ಉದಾರವಾಗಿ ಜಾಗ ಬಿಡುತ್ತಿದ್ದುದರಿಂದ, ಹನ್ನೆರಡು ಚಿತ್ರಗಳಿಗೆ ಸಾಕಾಗುವ 120 ಫಿಲಂ ಸುರುಳಿಯಿಂದ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಬಿ ಮಾದರಿಗಳು ಹನ್ನೊಂದನ್ನಷ್ಟೇ ಕೊಡುತ್ತಿದ್ದವು.

ಯುದ್ಧಾನಂತರ ಜರ್ಮನಿ ಇಬ್ಭಾಗವಾದಾಗ ಜೈಸ್ ಇಕಾನ್ ಪಶ್ಚಿಮದಲ್ಲಿ ಸ್ಟುಟ್‌ಗಾರ್ಟ್‌ನಿಂದ ಮುಂದುವರಿಯಿತು. ಅಲ್ಲಿ 1950ರ ದಶಕದ ನಡುವೆ ಬಂದ ‘III’ ಎಂಬ ಹೆಸರಿನ 531/16 ಮತ್ತು ಮೀಟರ್ ಸಹಿತವಾದ ‘IV’ ಎಂಬ ಹೆಸರಿನ 534/16 ಗಾತ್ರದಲ್ಲಿ ಕಿರಿದಾಗಿದ್ದು ಹನ್ನೆರಡು ಚಿತ್ರಗಳನ್ನೂ ಕೊಟ್ಟವು. ಅಂದವಾದ ಕೆಲಸಗಾರಿಕೆಯಲ್ಲಿ ಇವಕ್ಕೆ ಸಾಟಿಯಾಗುವ ಮಡಿಚುವ ಕ್ಯಾಮೆರಾಗಳು ಕಡಿಮೆ, ಆದರೆ ಗರಿಷ್ಠ ದ್ಯುತಿರಂಧ್ರ f/2.8ರ ಬದಲು f/3.5ಕ್ಕಿಳಿದ ಲೆನ್ಸಿನಿಂದಾಗಿ ಮಂದ ಬೆಳಕಿನಲ್ಲಿ ಹಳೆಯ 533/16ರ ಮೇಲುಗೈ ಉಳಿಯಿತು. ಅಷ್ಟರಲ್ಲಿ 35 ಮಿ.ಮೀ. ಫಿಲಮ್ಮಿನ ಕೊಡಕ್ ರೆಟಿನಾ ಕ್ಯಾಮೆರಾಗಳು, ಅವೂ ಸ್ಟುಟ್‌ಗಾರ್ಟ್‌ನಲ್ಲಿ ತಯಾರಾದವೇ, ಮಡಿಚುವ ಕ್ಯಾಮೆರಾದ ಗ್ರಾಹಕರಲ್ಲಿ ದೊಡ್ಡ ಪಾಲನ್ನು ಸೆಳೆದಿದ್ದವು.

ಸೂಪರ್ ಇಕೊಂಟಾದ ಎ, ಬಿ ಮತ್ತು ಸಿ ಮಾದರಿಗಳಿಗೆ ಬೇಕಾದ 120 ಫಿಲಂ ಇಂದಿಗೂ ತಯಾರಾಗುತ್ತಿರುವುದರಿಂದ ಸುಸ್ಥಿತಿಯಲ್ಲಿರುವ ಅವುಗಳಲ್ಲಿ ಈಗಲೂ ಚಿತ್ರ ತೆಗೆಯಬಹುದು. ಡಿ ಮಾದರಿಗೆ ಬೇಕಾದ 616 ಫಿಲಮ್ಮಿನ ತಯಾರಿಕೆ ಮಾತ್ರ ನಿಂತುಹೋಗಿದೆ.