ಕಂಪನಿ ಮತ್ತು ಉದ್ಯಮ ಅಧ್ಯಯನದ ಆಕರಗಳು: ದಾಖಲೆಗಳ ಮೂಲ ಉದ್ದೇಶದ ವಿವೇಚನೆ

ಭಾರತದ ಕಂಪನಿಗಳನ್ನು ಕುರಿತ ಅಧ್ಯಯನಕ್ಕೆ ಇಂದು ಆಕರಗಳ ಕೊರತೆ ಅಷ್ಟಾಗಿ ಇಲ್ಲ. ಅವುಗಳ ತೂಕ ಅಳೆಯುವುದೇ ಕಷ್ಟ. ಈ ದಾಖಲೆಗಳಲ್ಲಿ ಹೆಚ್ಚಿನವು ಸಂಶೋಧಕರಿಗೆಂದು ಹುಟ್ಟಿದವಲ್ಲ. ಕೆಲವು ಕಾನೂನಿನ ಕಟ್ಟಳೆಗಾಗಿ, ಕೆಲವು ಸಾಲಗಾರರ ಯೋಗ್ಯತೆ ತೋರಿಸಲು, ಕೆಲವು ಷೇರು ಮಾರಲು ಸಿದ್ಧವಾದವು. ಆ ಉದ್ದೇಶ ತಿಳಿದರೆ ಯಾವುದನ್ನು ನಂಬಬಹುದು, ಯಾವುದನ್ನು ಬೇರೆಡೆ ತಾಳೆ ನೋಡಬೇಕು ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಮೊದಲ ಆಕರ ಕಂಪನಿಗಳ ರಿಜಿಸ್ಟ್ರಾರ್ ಬಳಿಯ ಕಡತ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2006ರಲ್ಲಿ ಆರಂಭಿಸಿದ ಎಂಸಿಎ-21 ವ್ಯವಸ್ಥೆಯಲ್ಲಿ ಅಲ್ಪ ಶುಲ್ಕಕ್ಕೆ ಇದನ್ನು ನೋಡಬಹುದು. 2013ರ ಕಂಪನಿ ಕಾಯ್ದೆಯಂತೆ ವಾರ್ಷಿಕ ಸಭೆಯಾದ 30 ದಿನಗಳಲ್ಲಿ ಲೆಕ್ಕಪತ್ರ, 60 ದಿನಗಳಲ್ಲಿ ವಾರ್ಷಿಕ ವಿವರಣ ಪತ್ರ ಸಲ್ಲಿಕೆಯಾಗಬೇಕು. ಷೇರುಪೇಟೆಗೆ ಬಾರದ ಖಾಸಗಿ ಕಂಪನಿಯ ಬಗ್ಗೆ ಅಧಿಕೃತವಾಗಿ ಸಿಗುವುದು ಬಹುಪಾಲು ಇಷ್ಟೇ. ಇದೇ ಕಡತದಲ್ಲಿರುವ, ಆಸ್ತಿಯ ಮೇಲಿನ ಸಾಲದ ಹೊಣೆಯ ನೋಂದಣಿ ಅನೇಕರ ಕಣ್ಣು ತಪ್ಪುತ್ತದೆ. ಯಾವ ಬ್ಯಾಂಕು ಯಾವಾಗ ಎಷ್ಟು ಸಾಲಕ್ಕೆ ಯಾವ ಆಸ್ತಿಯನ್ನು ಭದ್ರತೆಯಾಗಿ ಪಡೆಯಿತು ಎಂಬುದನ್ನು ಹೇಳುವ ಈ ದಾಖಲೆ ಎಷ್ಟೋ ಸಲ ನಿರ್ದೇಶಕರ ವರದಿಗಿಂತ ಹೆಚ್ಚು ಮಾತನಾಡುತ್ತದೆ.

ಪ್ರತಿ ಕಂಪನಿಗೂ 21 ಅಕ್ಷರಾಂಕಗಳ ಗುರುತಿನ ಸಂಖ್ಯೆ ಇರುತ್ತದೆ. ಷೇರುಪೇಟೆಯಲ್ಲಿದೆಯೇ ಇಲ್ಲವೇ, ಯಾವ ಉದ್ಯಮ, ಯಾವ ರಾಜ್ಯ, ಸ್ಥಾಪನೆಯ ವರ್ಷ, ಕಂಪನಿಯ ಬಗೆ, ನೋಂದಣಿ ಸಂಖ್ಯೆ ಎಲ್ಲವೂ ಅದರಲ್ಲೇ ಅಡಗಿವೆ. ಆದರೆ ಉದ್ಯಮ ಸೂಚಕ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಇನ್ಫೋಸಿಸ್‌ನ ಸಂಖ್ಯೆ ಎಲ್85110ಕೆಎ1981ಪಿಎಲ್‌ಸಿ013115. ಇಲ್ಲಿನ 85 ಎಂಬುದು 2004ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಆರೋಗ್ಯ ಮತ್ತು ಸಮಾಜಸೇವೆಗೆ, 2008ರ ವರ್ಗೀಕರಣದಲ್ಲಿ ಶಿಕ್ಷಣಕ್ಕೆ ಸೇರುತ್ತದೆ. ಸಾಫ್ಟ್‌ವೇರ್‌ಗೆ 2008ರದರಲ್ಲಿ ಇರುವುದು 62. ಈ ಅಂಕಿಗಳನ್ನಷ್ಟೇ ನೆಚ್ಚಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳನ್ನು ಎಣಿಸಿದರೆ ಇನ್ಫೋಸಿಸ್ಸೇ ಬಿಟ್ಟುಹೋಗುತ್ತದೆ!

ಷೇರುಪೇಟೆಯ ಕಂಪನಿಗಳ ಮೇಲೆ ಸೆಬಿಯ 2015ರ ನಿಯಮಗಳು ಹೆಚ್ಚಿನ ಹೊಣೆ ಹೊರಿಸಿವೆ. ತ್ರೈಮಾಸಿಕ ಫಲಿತಾಂಶ, ಷೇರುದಾರರ ವಿವರ, ಪ್ರವರ್ತಕರು ಅಡವಿಟ್ಟ ಷೇರುಗಳು ಎಲ್ಲವೂ ಷೇರು ವಿನಿಮಯ ಕೇಂದ್ರಗಳ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ವಾರ್ಷಿಕ ವರದಿಯನ್ನು ಹಿಂದಿನಿಂದ ಓದುವುದು ಒಳ್ಳೆಯದು. ಮುಂದಿನ ಬಣ್ಣದ ಪುಟಗಳು ಪ್ರಚಾರಕ್ಕೆ ಹತ್ತಿರ. ಕೊನೆಯ ಟಿಪ್ಪಣಿಗಳಲ್ಲಿ ಸಂಬಂಧಿತ ಪಕ್ಷಗಳೊಂದಿಗಿನ ವಹಿವಾಟು, ನ್ಯಾಯಾಲಯದಲ್ಲಿರುವ ತೆರಿಗೆ ವಿವಾದಗಳು, ಸಂಭಾವ್ಯ ಹೊಣೆಗಳು ಇರುತ್ತವೆ. ಲೆಕ್ಕಪರಿಶೋಧಕರ ಸಹಿಯೂ ಅಂತಿಮ ಪುರಾವೆಯಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ ಲೆಕ್ಕಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ.

ಮೊದಲ ಬಾರಿ ಷೇರು ಮಾರುವ ಕಂಪನಿಯ ಕರಡು ಪ್ರಾಸ್ಪೆಕ್ಟಸ್‌ನಲ್ಲಿ ಉದ್ಯಮದ ಬಗ್ಗೆ ದೀರ್ಘ ಅಧ್ಯಾಯವೊಂದಿರುತ್ತದೆ. ಬೇರೆಡೆ ಹಣ ತೆತ್ತು ಕೊಳ್ಳಬೇಕಾದ ಮಾಹಿತಿ ಇಲ್ಲಿ ಪುಕ್ಕಟೆ. ಆದರೆ ಆ ವರದಿಯನ್ನು ಸಾಮಾನ್ಯವಾಗಿ ಕಂಪನಿಯೇ ಹಣ ಕೊಟ್ಟು ಬರೆಸಿರುತ್ತದೆ. ಆ ಮಾತು ಪ್ರಾಸ್ಪೆಕ್ಟಸ್‌ನಲ್ಲೇ ಮುದ್ರಿತವಾಗಿರುತ್ತದೆ. ಇಂಥಲ್ಲಿ ಬೆಳವಣಿಗೆಯ ಅಂದಾಜಿಗಿಂತ ಅಪಾಯಗಳ ಪಟ್ಟಿ ಹೆಚ್ಚು ಉಪಯುಕ್ತ: ಮುಂದೆ ಮೊಕದ್ದಮೆ ಎದುರಾಗದಿರಲೆಂದು ವಕೀಲರು ಅದನ್ನು ಕೂಲಂಕಷವಾಗಿ ಬರೆದಿರುತ್ತಾರೆ. ಕ್ರಿಸಿಲ್, ಇಕ್ರಾ, ಕೇರ್ ಸಂಸ್ಥೆಗಳ ರೇಟಿಂಗ್ ಟಿಪ್ಪಣಿಗಳಿಗೂ ಶುಲ್ಕ ತೆರುವುದು ಸಾಲ ಪಡೆಯುವ ಕಂಪನಿಯೇ. ಆದರೂ ಸಣ್ಣ ಖಾಸಗಿ ಕಂಪನಿಗಳ ಗ್ರಾಹಕರು, ಬಾಕಿ ವಸೂಲಿಯ ಅವಧಿ, ದುಡಿಯುವ ಬಂಡವಾಳದ ಇಕ್ಕಟ್ಟುಗಳ ಬಗ್ಗೆ ಇಷ್ಟು ಅಡಕವಾದ ಬರಹ ಬೇರೆಡೆ ಅಪರೂಪ.

ಸರ್ಕಾರಿ ಕಂಪನಿಗಳ ದಾರಿ ಬೇರೆ. 1916ರಲ್ಲಿ ಆರಂಭವಾದ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯಲ್ಲಿ ಬೇರೂರಿ, 1980ರಲ್ಲಿ ಕಂಪನಿಯಾದ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಷೇರುಪೇಟೆಯಲ್ಲಿಲ್ಲ. ಇಂಥ ಸಂಸ್ಥೆಗಳ ಮಟ್ಟಿಗೆ ಮಹಾಲೇಖಪಾಲರ ವರದಿಗಳು ಮತ್ತು ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿಯ ವರದಿಗಳು ಮುಖ್ಯ. ಸಂಸ್ಥಾನದ ಕಾಲದ ಕಡತಗಳಿಗೆ ರಾಜ್ಯ ಪತ್ರಾಗಾರಕ್ಕೇ ಹೋಗಬೇಕು.

ಒಂದು ಕಂಪನಿಯಿಂದ ಇಡೀ ಉದ್ಯಮದತ್ತ ಹೊರಳಿದಾಗ ಎಣಿಕೆಯ ಗಡಿಯ ಪ್ರಶ್ನೆ ಏಳುತ್ತದೆ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಮುಖ್ಯವಾಗಿ ವಿದ್ಯುತ್ ಬಳಸಿ 10, ಬಳಸದೆ 20 ಅಥವಾ ಹೆಚ್ಚು ಕೆಲಸಗಾರರಿರುವ ನೋಂದಾಯಿತ ಕಾರ್ಖಾನೆಗಳಿಗೆ ಸೀಮಿತ. ಇಳಕಲ್ಲಿನ ಮನೆಮಗ್ಗ ಅದರಲ್ಲಿ ಬಾರದು. ಅದಕ್ಕೆ 2019-20ರ ಕೈಮಗ್ಗ ಗಣತಿಯನ್ನು ನೋಡಬೇಕು. ಜವಳಿಯ ಬಗ್ಗೆ ಒಂದೇ ಆಕರ ಹಿಡಿದು ಬರೆದ ಪ್ರಬಂಧಗಳು ಎಡವುವುದು ಬಹುತೇಕ ಇಲ್ಲಿಯೇ.

ಬೆಳೆಯಾಧಾರಿತ ಉದ್ಯಮಗಳಿಗೆ ಮಂಡಳಿಗಳಿವೆ: ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿ, ಕಾಫಿಗೆ ಕಾಫಿ ಮಂಡಳಿ; ಎರಡೂ ಬೆಂಗಳೂರಿನಲ್ಲೇ ಇವೆ. ಕಾಫಿ ಮಂಡಳಿ ಹೂ ಬಿಟ್ಟ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಫಸಲಿನ ಅಂದಾಜು ಪ್ರಕಟಿಸುತ್ತದೆ. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬಾರದು. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ, ಕಂಪನಿಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಜೊತೆಗೆ ಸರಣಿಗಳೂ ನಡುವೆ ಕಡಿಯುತ್ತವೆ. ಕೊಡಗಿನಲ್ಲಿ ವಿಶಾಲ ತೋಟಗಳಿದ್ದ ಟಾಟಾ ಕಾಫಿ 2024ರ ಜನವರಿ 1ರಿಂದ ಪ್ರತ್ಯೇಕ ಕಂಪನಿಯಾಗಿ ಉಳಿದಿಲ್ಲ. ಅದರ ತೋಟದ ವ್ಯವಹಾರ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನ ಅಂಗಸಂಸ್ಥೆಯೊಂದಕ್ಕೆ ಸೇರಿತು, ಉಳಿದದ್ದು ಮೂಲ ಕಂಪನಿಯಲ್ಲಿ ವಿಲೀನವಾಯಿತು. ಅಲ್ಲಿಂದೀಚಿನ ತೋಟದ ಲೆಕ್ಕಕ್ಕೆ ಆ ಅಂಗಸಂಸ್ಥೆಯ ಪ್ರತ್ಯೇಕ ಲೆಕ್ಕಪತ್ರವನ್ನೇ ಹುಡುಕಬೇಕು. 2013ರ ಕಾಯ್ದೆಯ 136ನೇ ಪ್ರಕರಣದಂತೆ ಅದನ್ನು ಮೂಲ ಕಂಪನಿ ತನ್ನ ಜಾಲತಾಣದಲ್ಲಿ ಇಡಬೇಕಾಗುತ್ತದೆ.