ಲಾಸಾದ ಚಳಿಯಿಂದ ಬೈಲಕುಪ್ಪೆಯ ಬಿಸಿಲಿಗೆ

📷 1
ಈ ಫೋಟೋ ಎಲ್ಲರ ಫೋನಲ್ಲೂ ಇರುತ್ತೆ. ಬೈಲಕುಪ್ಪೆ ಗೋಲ್ಡನ್ ಟೆಂಪಲ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಮ್ಮ ಕಡೆಯ ಯಾವ ಕಾಲೇಜು ಕೊಡಗಿಗೆ ಟ್ರಿಪ್ ಹೊರಟ್ರೂ ಇಲ್ಲೊಂದು ಸ್ಟಾಪ್ ಗ್ಯಾರಂಟಿ. ನಾವೂ ಇಳಿದ್ವಿ. ಮೂರು ದೊಡ್ಡ ಬಂಗಾರದ ಬಣ್ಣದ ಮೂರ್ತಿ ನೋಡಿದ್ವಿ, ಮೋಮೋ ತಿಂದ್ವಿ, ವಾಪಸ್ ಬಸ್ ಹತ್ತಿದ್ವಿ.

ಬಸ್ಸಲ್ಲಿ ಪಾವಗಡದ ಗೆಳೆಯನೊಬ್ಬ ಕೇಳಿದ: "ನಮ್ಮೂರಲ್ಲಿ ರೈತರಿಗೇ ಜಮೀನಿಲ್ಲ. ಎಲ್ಲಿಂದಲೋ ಬಂದೋರಿಗೆ ಸಾವಿರಾರು ಎಕರೆ ಯಾಕೆ ಕೊಟ್ರು?" ಯಾರೂ ಬಾಯಿ ಬಿಡಲಿಲ್ಲ. ಹಿಸ್ಟರಿ ಓದ್ತೀನಿ ಅಂತ ಮೆರೆಯೋ ನಾನೂ ಕಿಟಕಿ ಕಡೆ ಮುಖ ತಿರುಗಿಸಿದೆ. ಆಮೇಲೆ ಒಂದು ತಿಂಗಳು ಕೂತು ಓದಿದೆ. ಈ ಸರಣಿ ಅವನಿಗೆ ಕೊಡಬೇಕಾಗಿದ್ದ ಉತ್ತರ. ಉದ್ದ ಇದೆ, ಬಸ್ಸಲ್ಲಿ ಕೂತು ಓದ್ಕೊಳ್ಳಿ.

📷 2
ಇದು ನಮ್ಮ ಮಧುಗಿರಿ ಬೆಟ್ಟ. ತುದಿ ಮುಟ್ಟೋಷ್ಟರಲ್ಲಿ ಉಸಿರು ಸಿಕ್ಕಿಹಾಕ್ಕೊಳ್ಳುತ್ತೆ ಅಲ್ವಾ? ಅದರ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್. ಲಾಸಾ ನಗರ ಇರೋದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಂದ್ರೆ ನಮ್ಮ ಬೆಟ್ಟದ ಮೇಲೆ ಇನ್ನೆರಡು ಬೆಟ್ಟ ಪೇರಿಸಿದ್ರೆ ಅವರ ಊರಿನ ಬೀದಿ ಸಿಗುತ್ತೆ! ಬೈಲಕುಪ್ಪೆ ಇರೋದು ಸುಮಾರು 850 ಮೀಟರ್‌ನಲ್ಲಿ.

ಅಲ್ಲಿಯವರ ಮುಖ್ಯ ಊಟ ತ್ಸಂಪಾ. ಹುರಿದ ಬಾರ್ಲಿಯ ಹಿಟ್ಟು. ಅದನ್ನ ಬೆಣ್ಣೆ ಹಾಕಿದ ಉಪ್ಪಿನ ಚಹಾದಲ್ಲಿ ಕಲಸಿ, ಕೈಯಲ್ಲೇ ಉಂಡೆ ಮಾಡಿ ತಿಂತಾರೆ. ಓದಿದ ತಕ್ಷಣ ನನಗೆ ನೆನಪಾಗಿದ್ದು ಅಜ್ಜಿಯ ರಾಗಿ ಹುರಿಹಿಟ್ಟು. ಅಷ್ಟು ದೂರದ ಜನ, ಊಟ ಮಾತ್ರ ನಮ್ಮ ಅಡುಗೆಮನೆಯದೇ ಥರ.

📷 3
1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾದ ಆಳ್ವಿಕೆ ವಿರುದ್ಧ ಜನ ಎದ್ದರು. ಮಾರ್ಚ್ 17ರ ರಾತ್ರಿ 23 ವರ್ಷದ ದಲೈ ಲಾಮಾ ಸೈನಿಕನ ವೇಷದಲ್ಲಿ ಅರಮನೆಯಿಂದ ಹೊರಬಿದ್ದರು. ಎರಡು ವಾರ ಹಿಮದ ಕಣಿವೆಗಳನ್ನ ದಾಟಿ ಮಾರ್ಚ್ 31ಕ್ಕೆ ಭಾರತದ ಗಡಿಯೊಳಗೆ ಬಂದರು. ನಮ್ಮ ಈಗಿನ ಸೆಕೆಂಡ್ ಎಂ.ಎ. ಹುಡುಗರ ವಯಸ್ಸು, ಯೋಚನೆ ಮಾಡಿ. ಅವರ ಹಿಂದೆ ಸುಮಾರು 80,000 ಜನ ಬಂದರು ಅಂತ ಲೆಕ್ಕ.

ಹೊರಟವರಲ್ಲಿ ಬಹಳ ಜನ ಕೆಲವು ತಿಂಗಳಲ್ಲಿ ಮನೆಗೆ ವಾಪಸ್ ಹೋಗ್ತೀವಿ ಅಂದ್ಕೊಂಡಿದ್ದರು. ಈ ಒಂದು ಮಾತು ತಲೇಲಿಟ್ಟುಕೊಳ್ಳಿ, ಮುಂದಿನದೆಲ್ಲ ಅರ್ಥ ಆಗೋದು ಇದರಿಂದಲೇ.

📷 4
ಅವರನ್ನ ಮೊದಲು ಇಳಿಸಿದ್ದು ಅಸ್ಸಾಮಿನ ಮಿಸ್ಸಮಾರಿಯಲ್ಲಿ ಬಿದಿರಿನ ಶೆಡ್ಡು ಕಟ್ಟಿ. ಸನ್ಯಾಸಿಗಳಲ್ಲಿ ಹಲವರನ್ನ ಪಶ್ಚಿಮ ಬಂಗಾಳದ ಬಕ್ಸಾಕ್ಕೆ ಕಳಿಸಿದರು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನ ಕೂಡಿಹಾಕ್ತಿದ್ದ ಹಳೇ ಜೈಲು.

ಇಲ್ಲಿ ಚಳಿ ಇಲ್ಲ, ಆದರೂ ಜನ ಸತ್ತರು. ಮೈಮೇಲೆ ಉಣ್ಣೆಯ ದಪ್ಪ ಚುಬಾ, ಕಾಲಿಗೆ ಹಿಮದ ಬೂಟು, ಸುತ್ತ ಅಸ್ಸಾಮಿನ ಬೇಸಿಗೆ, ಮೇಲಿಂದ ಮಳೆ. ಒಣ ಗಾಳಿಯ ನಾಡಲ್ಲಿ ನೋಡದೇ ಇದ್ದ ಕಾಯಿಲೆಗಳು ಮುತ್ತಿಕೊಂಡವು. ಬಕ್ಸಾದಲ್ಲಿ ಕ್ಷಯ ಹಬ್ಬಿತು. "ಚಳಿಯಿಂದ ಬೆಚ್ಚಗಿನ ಕಡೆಗೆ ಹೋದ್ರೆ ಆರಾಮ" ಅಂತ ನಾವು ಸುಲಭವಾಗಿ ಅಂದ್ಬಿಡ್ತೀವಿ. ಮೈ ಹಾಗೆ ಒಪ್ಪಲ್ಲ. ಪಾವಗಡದ ಏಪ್ರಿಲ್ ಬಿಸಿಲಿಗೆ ಅಲ್ಲೇ ಹುಟ್ಟಿದೋರೇ ಮಧ್ಯಾಹ್ನ ಹೊರಗೆ ಬರಲ್ಲ.

ಕ್ಯಾಂಪಲ್ಲಿ ಎಷ್ಟು ದಿನ ಅಂತ ಇಡೋದು? ಸಾವಿರಾರು ಜನರನ್ನ ಹಿಮಾಚಲ, ಸಿಕ್ಕಿಂ ಕಡೆ ರಸ್ತೆ ಕೆಲಸಕ್ಕೆ ಹಾಕಿದರು. ಅಲ್ಲಿ ತಂಪಿತ್ತು ನಿಜ. ಆದ್ರೆ ಡೈನಮೈಟು, ಭೂಕುಸಿತ, ದಿನಗೂಲಿ, ಮಕ್ಕಳೂ ಟೆಂಟಿನಲ್ಲೇ.

📷 5
ಈಗ ನಮ್ಮ ರಾಜ್ಯದ ಪಾತ್ರ. ನಿರಾಶ್ರಿತರಿಗೆ ಜಾಗ ಕೊಡಿ ಅಂತ ನೆಹರೂ ರಾಜ್ಯಗಳನ್ನ ಕೇಳಿದರು. ಚದುರಿಹೋದ್ರೆ ಒಂದೆರಡು ತಲೆಮಾರಲ್ಲಿ ಭಾಷೆ, ಧರ್ಮ ಎರಡೂ ಕರಗಿಹೋಗುತ್ತೆ, ಎಲ್ಲರೂ ಒಂದೇ ಕಡೆ ಇರಬೇಕು ಅನ್ನೋದು ದಲೈ ಲಾಮಾ ಅವರ ಹಟ. ಒಟ್ಟಿಗೆ ಅಷ್ಟು ದೊಡ್ಡ ಜಾಗ ಕೊಟ್ಟಿದ್ದು ಆಗಿನ ಮೈಸೂರು ರಾಜ್ಯ: ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು. 1960ರ ಕೊನೆಗೆ ಮೊದಲ ತಂಡ ಬಂತು.

1960ರಲ್ಲಿ ಮುಖ್ಯಮಂತ್ರಿ ಬಿ.ಡಿ. ಜತ್ತಿ. ಆದ್ರೆ ದಲೈ ಲಾಮಾ ಇವತ್ತಿಗೂ ಕೃತಜ್ಞತೆಯಿಂದ ಹೇಳೋ ಹೆಸರು ನಮ್ಮ ಪಕ್ಕದ ಚಿತ್ರದುರ್ಗದ ಎಸ್. ನಿಜಲಿಂಗಪ್ಪ ಅವರದ್ದು. 1962ರಿಂದ 68ರವರೆಗೆ ಅವರು ಮತ್ತೆ ಮುಖ್ಯಮಂತ್ರಿ ಆಗಿದ್ದಾಗಲೇ ಉತ್ತರ ಕನ್ನಡದ ಮುಂಡಗೋಡಿನ ವಸತಿಯೂ ಶುರುವಾಯ್ತು. ಆಮೇಲೆ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಬೈಲಕುಪ್ಪೆಯಲ್ಲೇ ಇನ್ನೊಂದು. ಒಟ್ಟು ಐದು.

📷 6
ಈಗ ನಾವು ನೋಡೋ ಬೈಲಕುಪ್ಪೆ ಅಂದ್ರೆ ಮೆಕ್ಕೆಜೋಳದ ಹೊಲ, ಸಾಲು ಧ್ವಜ, ಕಾಫಿ ಶಾಪ್. ಆಗ ಕಾಡು ಬಿಟ್ರೆ ಏನೂ ಇರಲಿಲ್ಲ. ಟೆಂಟಲ್ಲಿದ್ದುಕೊಂಡು ಮರ ಕಡಿದರು, ಬೇರು ಕಿತ್ತರು, ಪೊದೆಗೆ ಬೆಂಕಿ ಹಾಕಿದರು. ಸುತ್ತ ಬೆಂಕಿ, ಮೇಲೆ ಬಿಸಿಲು. ಒಂದು ಹುಳ ತುಳಿದರೂ ಪಾಪ ಅನ್ನೋ ಬೌದ್ಧರಿಗೆ ಆ ಬೆಂಕಿಯಲ್ಲಿ ಸಾಯೋ ಜೀವಿಗಳನ್ನ ನೋಡೋ ಸಂಕಟ ಬೇರೆ. ರಾತ್ರಿ ಆದ್ರೆ ಆನೆ. ಡಬ್ಬ ಬಡಿದು ಓಡಿಸಬೇಕು. ಟಿಬೆಟ್ ಪ್ರಸ್ಥಭೂಮಿಯಲ್ಲಿ ಯಾಕ್, ಕುರಿ ಕಾಯ್ತಿದ್ದವನು ಬದುಕಲ್ಲಿ ಮೊದಲ ಸಲ ಆನೆ ನೋಡೋದು ಹೀಗೆ!

ಬಾರ್ಲಿ ಈ ನೆಲಕ್ಕೆ ಬರಲಿಲ್ಲ. ಮೆಕ್ಕೆಜೋಳ ಕಲಿತರು. ಬೇಸಾಯದ ಲೆಕ್ಕವೇ ತಲೆಕೆಳಗಾಯ್ತು. ಅಲ್ಲಿ ಹಿಮ ಕರಗೋದು ಕಾಯಬೇಕಿತ್ತು, ಇಲ್ಲಿ ಮುಂಗಾರು ಕಾಯಬೇಕು. ಮುಂಗಾರು ಕೈಕೊಟ್ಟರೆ ಏನಾಗುತ್ತೆ ಅಂತ ಶಿರಾ, ಪಾವಗಡದವರಿಗೆ ನಾನು ಬಿಡಿಸಿ ಹೇಳಬೇಕಾ?

ಸಹಕಾರ ಸಂಘ ಕಟ್ಟಿಕೊಂಡರು, ಟ್ರ್ಯಾಕ್ಟರ್ ತಂದರು, ಕಾರ್ಪೆಟ್ ನೇಯ್ದರು. ಮಠಗಳು ಮತ್ತೆ ಎದ್ದವು: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಂದೆನ್ ಮುಂಡಗೋಡಿನಲ್ಲಿ. ನಾವು ಸೆಲ್ಫಿ ತಗೊಂಡ ಗೋಲ್ಡನ್ ಟೆಂಪಲ್ ಸೇರಿರೋದು ನಾಮ್‌ಡ್ರೋಲಿಂಗ್ ಮಠಕ್ಕೆ. ಅದನ್ನ 1963ರಲ್ಲಿ ಪೆನೋರ್ ರಿಂಪೋಚೆ ಶುರು ಮಾಡಿದರು.

📷 7
ಸಣ್ಣ ಅಡ್ಡದಾರಿ. ಇದು ಶಿರಾ ಕೋಟೆ. ಮೊಘಲರ ಕಾಲದಲ್ಲಿ ಒಂದು ಸುಬಾದ ರಾಜಧಾನಿ ನಮ್ಮ ಶಿರಾ. ಟಿಪ್ಪು ಕಾಲದಲ್ಲಿ ಇಲ್ಲಿಂದ 12,000 ಕುಟುಂಬಗಳನ್ನ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಂ ತುಂಬಿಸಲು ಸಾಗಿಸಿದರು ಅಂತ ಗೆಜೆಟಿಯರ್ ಹೇಳುತ್ತೆ. ಆಮೇಲೆ ಶಿರಾ ಮೊದಲಿನ ಶಿರಾ ಆಗಲೇ ಇಲ್ಲ. ಎಬ್ಬಿಸಿದ ಊರು, ತುಂಬಿಸಿದ ಊರು ಅನ್ನೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಆ ಕುಟುಂಬಗಳ ಕಥೆಯನ್ನ ಯಾರೂ ಕೂತು ಬರೆದಿಡಲಿಲ್ಲ ಅನ್ನೋದೇ ನನ್ನ ಹೊಟ್ಟೆಉರಿ.

📷 8
ಇದು ನಮ್ಮಮ್ಮನ ಸಂಘದ ಪಾಸ್‌ಬುಕ್. ಟಿಬೆಟ್ ಮಧ್ಯೆ ಇದ್ಯಾಕೆ ಅಂತೀರಾ? ಕೇಳಿ.

1968ರಲ್ಲಿ ಟಿಬೆಟಿಯನ್ನರ ಪುನರ್ವಸತಿಗೆ ಸಹಾಯ ಮಾಡೋಕೆ ಅಂತಲೇ ಒಂದು ಸಂಸ್ಥೆ ಹುಟ್ಟಿತು. ಹೆಸರು ಮೈರಾಡ. ಬಿಡಿಸಿ ಹೇಳಿದ್ರೆ ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಆ ಕೆಲಸ ಮುಗಿದ ಮೇಲೆ ಸಂಸ್ಥೆ ಕರ್ನಾಟಕದ ಬಡ ಹಳ್ಳಿಗಳ ಕಡೆ ತಿರುಗಿತು. 1980ರ ದಶಕದ ಮಧ್ಯದಲ್ಲಿ, ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಜನ ತಾವೇ ಸಣ್ಣ ಸಣ್ಣ ಗುಂಪಾಗಿ ದುಡ್ಡು ಉಳಿಸಿ ಸಾಲ ಕೊಟ್ಟುಕೊಳ್ಳೋದನ್ನ ಗಮನಿಸಿ ಬೆಳೆಸಿತು. 1987ರಲ್ಲಿ ನಬಾರ್ಡ್ ಅದಕ್ಕೆ ಹಣ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರುವಾಯ್ತು. ಇವತ್ತು ಮಧುಗಿರಿಯ ಯಾವ ಬೀದಿಗೆ ಹೋದರೂ ಸ್ವಸಹಾಯ ಸಂಘ ಇದೆ.

ನನ್ನ ಮೊದಲ ವರ್ಷದ ಫೀಸು ಅಮ್ಮ ಕಟ್ಟಿದ್ದು ಸಂಘದ ಸಾಲದಿಂದ. ಇದನ್ನ ಓದಿದ ದಿನ ಪಾಸ್‌ಬುಕ್ ಎತ್ತಿ ಎರಡು ಸಲ ನೋಡಿದೆ. ಅಮ್ಮನಿಗೆ ಹೇಳಿದ್ರೆ, "ಹೂಂ, ಈ ವಾರದ ಕಂತು ಕಟ್ಟಿ ಬಾ ಮೊದ್ಲು" ಅಂದ್ಲು.

📷 9
ಈಗ ಗೆಳೆಯನ ಪ್ರಶ್ನೆ. ಅದು ತಪ್ಪು ಪ್ರಶ್ನೆ ಅಂತ ನಾನು ಹೇಳಲ್ಲ. ನಮ್ಮ ಭೂಮಿಹೀನರ ಸಿಟ್ಟು ನಿಜ, ಅದಕ್ಕೆ ಕಾರಣಾನೂ ಇದೆ. ಆದ್ರೆ ಮೂರು ವಿಷಯ ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಜಮೀನು ಅವರ ಹೆಸರಲ್ಲಿಲ್ಲ, ಸರ್ಕಾರದ್ದು. 2014ರ ಟಿಬೆಟಿಯನ್ ಪುನರ್ವಸತಿ ನೀತಿಯೂ ಹೇಳೋದು ಗುತ್ತಿಗೆಯನ್ನೇ. ಅವರು ಕಾಲಕಾಲಕ್ಕೆ ನೋಂದಣಿ ಪತ್ರ ನವೀಕರಿಸಬೇಕು, ನಮ್ಮ ಹಾಗೆ ಸುಮ್ನೆ ಇರೋಕಾಗಲ್ಲ. ಮತ್ತೆ ಅಳತೆ: ಪಾವಗಡದ ಸೋಲಾರ್ ಪಾರ್ಕ್ ಒಂದಕ್ಕೇ ಸುಮಾರು 13,000 ಎಕರೆ. ಅವನ ಅಪ್ಪನ ಜಮೀನೂ ಅದರಲ್ಲಿ ಗುತ್ತಿಗೆಗೆ ಹೋಗಿದೆ. ಗುತ್ತಿಗೆ ಅಂದ್ರೆ ಏನು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಪೌರತ್ವದ ಕಥೆ ಇನ್ನೂ ಗೋಜಲು. 1950ರ ಜನವರಿ 26ರಿಂದ 1987ರ ಜೂನ್ 30ರ ಒಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಒಬ್ಬ ಟಿಬೆಟಿಯನ್ನರ ಕೇಸಲ್ಲಿ ಅದನ್ನೇ ಹೇಳಿತು. ಆದ್ರೂ ಎಷ್ಟೋ ಜನ ಪೌರತ್ವ ತಗೊಳ್ಳಲ್ಲ. ತಗೊಂಡ್ರೆ ವಾಪಸ್ ಹೋಗೋ ಆಸೆ ಕೈಬಿಟ್ಟ ಹಾಗೆ ಅನ್ನೋದು ಹಿರಿಯರ ಮಾತು. ಅದೇ, ಫೋಟೋ 3ರಲ್ಲಿ ಹೇಳಿದ್ದು.

ಹೊಸ ತಲೆಮಾರು ಮಾತ್ರ ಟೊರೊಂಟೊ, ನ್ಯೂಯಾರ್ಕ್ ಅಂತ ಹೊರಡ್ತಿದೆ. ಅಜ್ಜ ಚಳಿ ಬಿಟ್ಟು ಬಿಸಿಲಿಗೆ ಬಂದ, ಮೊಮ್ಮಗ ಬಿಸಿಲು ಬಿಟ್ಟು ಮತ್ತೆ ಹಿಮಕ್ಕೆ!

📷 10
ಕೊನೇ ಫೋಟೋ ಬ್ಲರ್ ಆಗಿದೆ, ಕ್ಷಮಿಸಿ. ಬೈಲಕುಪ್ಪೆ ಅಂಗಡಿಯ ಒಬ್ಬ ಅಜ್ಜಿ. ಮುಖ ಬೇಡ ಅಂದ್ರು, ಅದಕ್ಕೆ ಕೈ ಮಾತ್ರ. ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರ್ತಿದ್ದರಂತೆ. ನಾನು ಮಧುಗಿರಿ ಅಂದೆ. "ತುಮಕೂರು ಕಡೆನಾ? ಅಲ್ಲಿ ಬರೀ ಬಿಸಿಲು ಕಣಪ್ಪ, ಸ್ವೆಟರ್ ಹೋಗಲ್ಲ" ಅಂದ್ರು. ಅಚ್ಚ ಕನ್ನಡದಲ್ಲಿ.

"ಅಜ್ಜಿ, ನಿಮಗೆ ಈಗ್ಲೂ ಸೆಖೆ ಆಗುತ್ತಾ?" ಅಂತ ಕೇಳಿದೆ. ನಕ್ಕರು. "ಈಗ ಧರ್ಮಶಾಲಾಕ್ಕೆ ಹೋದ್ರೆ ಚಳಿ ತಡೆಯಕ್ಕಾಗಲ್ಲ" ಅಂದ್ರು.

2025ರ ಜನವರಿಯಲ್ಲಿ ದಲೈ ಲಾಮಾ ಅವರೂ ಧರ್ಮಶಾಲಾದ ಚಳಿ ಬಿಟ್ಟು ಬೈಲಕುಪ್ಪೆಗೆ ಬಂದಿದ್ದರು. ಅವರು ಇಲ್ಲಿದ್ದಾಗಲೇ, ಜನವರಿ 7ರಂದು, ಟಿಬೆಟಿನ ಡಿಂಗ್ರಿಯಲ್ಲಿ ಭೂಕಂಪ ಆಯ್ತು. ಕೊರೆಯೋ ಚಳಿಯಲ್ಲಿ ಅಲ್ಲಿನ ಜನ ಬೀದಿಗೆ ಬಿದ್ದರು. ಸತ್ತವರಿಗಾಗಿ ಪ್ರಾರ್ಥನೆ ನಡೆದಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಈ ಬೈಲಕುಪ್ಪೆಯಲ್ಲಿ.

ಮುಂದಿನ ಸರಣಿ ಶಿರಾದಿಂದ ಗಂಜಾಂಗೆ ಹೋದ ಕುಟುಂಬಗಳ ಮೇಲೆ. ನಿಮ್ಮ ಮನೇಲಿ ಯಾರಾದ್ರೂ "ನಾವು ಮೂಲತಃ ಶಿರಾದೋರು" ಅಂತ ಹೇಳ್ತಾ ಇದ್ರೆ ನಂಗೆ ಮೆಸೇಜ್ ಮಾಡಿ.

#ನಮ್ಮೂರಇತಿಹಾಸ #ಮಧುಗಿರಿ #ಶಿರಾ #ಪಾವಗಡ #ಕೊರಟಗೆರೆ #ಬೈಲಕುಪ್ಪೆ