ಮುಲ್ಕಿ ನಿಯಮ ಮತ್ತು ಬೇಗಂ ಬಜಾರ್: ವಲಸೆ ನೀತಿಯ ಒಂದು ಪರಿಶೀಲನೆ

ಹೊರಗಿನಿಂದ ಬಂದವರಿಗೆ ಯಾವ ಹಕ್ಕು, ಎಷ್ಟು ಕಾಲದ ನಂತರ ಸಲ್ಲಬೇಕು? ನಿಜಾಮರ ಹೈದರಾಬಾದ್ ಈ ಪ್ರಶ್ನೆಗೆ ಪೇಟೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಉತ್ತರ ಕೊಟ್ಟಿತು. ಇವೆರಡನ್ನೂ ತೂಗಿ ನೋಡಿದರೆ ಇಂದಿನ ಸ್ಥಳೀಯ ಮೀಸಲಾತಿಯ ಚರ್ಚೆಗೆ ಒಂದು ಅಳತೆಗೋಲು ಸಿಗುತ್ತದೆ ಎಂಬುದು ಈ ಲೇಖನದ ವಾದ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು 1956ರವರೆಗೆ ಹೈದರಾಬಾದಿಗೆ ಸೇರಿದ್ದರಿಂದ ಇದು ಕನ್ನಡಿಗರ ಚರಿತ್ರೆಯೂ ಹೌದು.

ಪೇಟೆ ಮತ್ತು ಕಚೇರಿ

ಮೂಸಿ ನದಿಯ ಉತ್ತರಕ್ಕಿರುವ ಬೇಗಂ ಬಜಾರಿನ ನೆಲವನ್ನು ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟಳೆಂಬ ಪ್ರತೀತಿಯಿದೆ. ಮಾರ್ವಾಡಿ, ಅಗರ್ವಾಲ್, ಗೋಸಾವಿ ಸಾಹುಕಾರರು ಇಲ್ಲಿ ನೆಲೆಯೂರಿ, 19ನೇ ಶತಮಾನದಲ್ಲಿ ಸರ್ಕಾರಕ್ಕೇ ಸಾಲ ಕೊಡುವಷ್ಟು ಬೆಳೆದರು. ಬಂಡವಾಳವಿಲ್ಲದ ರಾಜ್ಯಕ್ಕೆ ಅವರು ಬೇಕಾಗಿದ್ದರು.

ಕಚೇರಿಯ ಕಥೆ ಬೇರೆ. 1853ರಿಂದ 1883ರವರೆಗೆ ದಿವಾನನಾಗಿದ್ದ ಒಂದನೇ ಸಾಲಾರ್ ಜಂಗ್ ಆಡಳಿತ ಸುಧಾರಣೆಗಾಗಿ ಉತ್ತರ ಭಾರತದ ವಿದ್ಯಾವಂತರನ್ನು ಕರೆಸಿಕೊಂಡನು. ದೊಡ್ಡ ಹುದ್ದೆಗಳು ಅವರ ಪಾಲಾದಂತೆ ಸ್ಥಳೀಯರ ಅಸಮಾಧಾನ ಹೆಚ್ಚಿತು. 1919ರ ಮುಲ್ಕಿ ನಿಯಮ ಇದಕ್ಕೆ ಸಿಕ್ಕ ಉತ್ತರ. ಸಂಸ್ಥಾನದಲ್ಲಿ ಪ್ರಜೆಯಾಗಿ ಹುಟ್ಟಿದವರ ಜೊತೆಗೆ, ಹದಿನೈದು ವರ್ಷ ಇಲ್ಲಿಯೇ ವಾಸವಿದ್ದು ತವರೂರಿಗೆ ಮರಳುವ ಆಲೋಚನೆ ಬಿಟ್ಟವರೂ ಮುಲ್ಕಿಗಳಾಗಬಹುದಿತ್ತು, ಅಂದರೆ ಸ್ಥಳೀಯರೆನಿಸಬಹುದಿತ್ತು. ನಿಯಮ ಸರ್ಕಾರಿ ನೌಕರಿಗೆ ಸಂಬಂಧಿಸಿತ್ತು, ಅಂಗಡಿಗಲ್ಲ.

ಪರ ಮತ್ತು ವಿರೋಧ

ನಿಯಮದ ಪರವಾದ ವಾದ ಗಟ್ಟಿಯಾದದ್ದು. ಸರ್ಕಾರಿ ಹುದ್ದೆಗಳು ಎಣಿಕೆಯಷ್ಟೇ ಇರುತ್ತವೆ. ಶಿಕ್ಷಣದಲ್ಲಿ ಮುಂದಿರುವ ಸೀಮೆಯವರು ಮುಕ್ತ ಸ್ಪರ್ಧೆಯಲ್ಲಿ ಅವನ್ನು ಪಡೆದರೆ, ಹಿಂದುಳಿದ ಸೀಮೆಯ ಜನ ತಮ್ಮ ತೆರಿಗೆಯಿಂದ ನಡೆಯುವ ಕಚೇರಿಯಲ್ಲೇ ಅರ್ಜಿದಾರರಾಗಿ ಉಳಿಯುತ್ತಾರೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಹೊರಗಿನ ನೌಕರರು ಬಂದಾಗ ಈ ಭಯವೇ ಮರುಕಳಿಸಿತು. ಸುಳ್ಳು ಮುಲ್ಕಿ ಪ್ರಮಾಣಪತ್ರಗಳ ದೂರುಗಳು ಹೆಚ್ಚಿದವು. 1952ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಇದರ ವಿರುದ್ಧದ ಚಳವಳಿಯ ಮೇಲೆ ಗೋಲಿಬಾರ್ ನಡೆದು ಪ್ರಾಣಗಳು ಹೋದವು.

ವಿರೋಧದ ವಾದವೂ ಹಗುರವಲ್ಲ. ಸಂವಿಧಾನದ 16ನೇ ವಿಧಿ ವಾಸಸ್ಥಳದ ಷರತ್ತು ವಿಧಿಸುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಕೊಟ್ಟಿದೆ. ಆ ಷರತ್ತು ಇಡೀ ರಾಜ್ಯಕ್ಕೆ ಅನ್ವಯಿಸಬಹುದೇ ಹೊರತು ಅದರ ಒಂದು ಭಾಗಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲಿ ಹೇಳಿತು. ಅದೇ ನ್ಯಾಯಾಲಯ 1972ರಲ್ಲಿ ಹಳೆಯ ಮುಲ್ಕಿ ನಿಯಮ ಊರ್ಜಿತವೆಂದಾಗ, ಹೈದರಾಬಾದಿನ ತೆಲುಗು ಭಾಗದೊಂದಿಗೆ ಒಂದೇ ರಾಜ್ಯವಾಗಿದ್ದ ಆಂಧ್ರ ಭಾಗ ಸಿಡಿದೆದ್ದಿತು. ಕೊನೆಗೆ ಆ ರಾಜ್ಯದಲ್ಲಿ ಸ್ಥಳೀಯ ಮೀಸಲಿಗೆ ಅವಕಾಶ ಕೊಡುವ 371-ಡಿ ವಿಧಿ ಸಂವಿಧಾನಕ್ಕೆ ಬಂತು. 1975ರ ರಾಷ್ಟ್ರಪತಿ ಆದೇಶ ಹದಿನೈದು ವರ್ಷಗಳ ವಾಸದ ಬದಲು ನಾಲ್ಕು ವರ್ಷಗಳ ವ್ಯಾಸಂಗವನ್ನು ಸ್ಥಳೀಯತೆಯ ಮುಖ್ಯ ಗುರುತಾಗಿಸಿತು. ವಲಸಿಗರ ಮಕ್ಕಳಿಗೆ ಇದು ಹೆಚ್ಚು ನ್ಯಾಯವಾದ ಮಾನದಂಡ.

ಕನ್ನಡ ಜಿಲ್ಲೆಗಳ ಸಾಕ್ಷ್ಯ

ಮುಲ್ಕಿ ನಿಯಮದ ನಿಜವಾದ ಕೊರತೆ ಕಾಣುವುದು ಕನ್ನಡ ಜಿಲ್ಲೆಗಳಲ್ಲಿ. ರಾಯಚೂರಿನ ರೈತನ ಮಗ ಹುಟ್ಟಿನಿಂದಲೇ ಮುಲ್ಕಿ. ಆದರೆ 1880ರ ದಶಕದಿಂದ ಆಡಳಿತ ಉರ್ದುವಿನಲ್ಲಿ ನಡೆಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ಇತ್ತು. ಕನ್ನಡ, ತೆಲುಗು, ಮರಾಠಿ ಆಡುವ ಬಹುಸಂಖ್ಯಾತರಿಗೆ ನಿಯಮ ಕೊಟ್ಟ ಹಕ್ಕನ್ನು ಆಡಳಿತ ಭಾಷೆಯೇ ಕೈಗೆಟುಕದಂತೆ ಮಾಡಿತು. ಹೊರಗಿನವರನ್ನು ತಡೆದ ಮಾತ್ರಕ್ಕೆ ಒಳಗಿನವರು ಮುಂದೆ ಬರುವುದಿಲ್ಲ. ಅದಕ್ಕೆ ಶಾಲೆ ಬೇಕು, ತಾಯ್ನುಡಿಯ ಕಲಿಕೆ ಬೇಕು.

ಈಗ ಕಲ್ಯಾಣ ಕರ್ನಾಟಕ ಎನಿಸಿಕೊಳ್ಳುವ ಈ ಸೀಮೆಗಾಗಿ 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371-ಜೆ ವಿಧಿಯನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಅದರಡಿಯ ಆದೇಶವು ಹತ್ತು ವರ್ಷಗಳ ವಾಸವನ್ನು ಅರ್ಹತೆಯಾಗಿ ಒಪ್ಪುತ್ತದೆ. ಉದ್ಯೋಗದ ಜೊತೆಗೆ ಶಿಕ್ಷಣದಲ್ಲಿ ಮೀಸಲು ಮತ್ತು ಪ್ರತ್ಯೇಕ ಅಭಿವೃದ್ಧಿ ಮಂಡಳಿಗೂ ಈ ವಿಧಿಯಲ್ಲಿ ಅವಕಾಶವಿದೆ. ಮುಲ್ಕಿ ನಿಯಮದಲ್ಲಿ ಇಲ್ಲದಿದ್ದ ಅಂಗ ಇದು.

ಉಪಸಂಹಾರ

ಇಲ್ಲಿಂದ ಮೂರು ನಿರ್ಣಯಗಳು ಹೊರಡುತ್ತವೆ. ಮೊದಲನೆಯದು, ರಕ್ಷಣೆ ಸರ್ಕಾರಿ ಹುದ್ದೆ ಮತ್ತು ಕಾಲೇಜು ಸೀಟುಗಳಂಥ ಮಿತವಾದ ಸಾರ್ವಜನಿಕ ಸೌಲಭ್ಯಗಳಿಗೆ ಸೀಮಿತವಾಗಿರಬೇಕು. ಖಾಸಗಿ ವ್ಯಾಪಾರಕ್ಕೆ ಅದನ್ನು ವಿಸ್ತರಿಸಿದರೆ ಪೇಟೆಯೇ ಬಡವಾಗುತ್ತದೆ. 2025ರಲ್ಲಿ ತೆಲಂಗಾಣದಲ್ಲಿ ಎದ್ದ ‘ಮಾರ್ವಾಡಿ ಗೋ ಬ್ಯಾಕ್’ ಕೂಗು ಬೇಗಂ ಬಜಾರಿನಲ್ಲಿ ತಲೆಮಾರುಗಳಿಂದ ಬಾಳಿದವರನ್ನೂ ಅನ್ಯರೆನ್ನುತ್ತದೆ. ಹದಿನೈದು ವರ್ಷಕ್ಕೆ ಬಂದವರನ್ನು ತನ್ನವರೆಂದ 1919ರ ನಿಯಮಕ್ಕಿಂತಲೂ ಅದು ಸಂಕುಚಿತ. ಎರಡನೆಯದು, ಸ್ಥಳೀಯತೆ ವಾಸ ಮತ್ತು ವ್ಯಾಸಂಗದಿಂದ ದಕ್ಕುವಂತಿರಬೇಕು. ಹುಟ್ಟೊಂದನ್ನೇ ನೆಚ್ಚುವ ನೀತಿ ಇಲ್ಲೇ ದುಡಿದವರನ್ನು ಶಾಶ್ವತವಾಗಿ ಹೊರಗಿಡುತ್ತದೆ. ಮೂರನೆಯದು, ಶಿಕ್ಷಣದ ಹೂಡಿಕೆಯಿಲ್ಲದ ಮೀಸಲು ನಿಲ್ಲದು.

ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೋರಿ 2024ರಲ್ಲಿ ಕರ್ನಾಟಕ ರೂಪಿಸಿ ತಡೆಹಿಡಿದ ಮಸೂದೆ ಮೊದಲ ಮಾನದಂಡದಲ್ಲೇ ಎಡವುತ್ತದೆ. ಹರಿಯಾಣದ ಅಂಥದೇ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದುಪಡಿಸಿತ್ತು. ಕನ್ನಡಿಗರಿಗೆ ಕೆಲಸ ಸಿಗಬೇಕೆಂಬ ಆ ಮಸೂದೆಯ ಕಾಳಜಿ ನ್ಯಾಯವಾದದ್ದೇ. ಅದು ಈಡೇರಬೇಕಾದರೆ ಕಲ್ಯಾಣ ಕರ್ನಾಟಕದ ಶಾಲಾ ಕಾಲೇಜುಗಳಿಗೆ ಹಣ, ಅಧ್ಯಾಪಕರು ಮೊದಲು ಬರಬೇಕು. 371-ಜೆ ಈಗಾಗಲೇ ಕೊಟ್ಟಿರುವ ಅವಕಾಶವನ್ನು ಪೂರ್ತಿ ಬಳಸುವುದೇ ಅದಕ್ಕೆ ಹತ್ತಿರದ ದಾರಿ.